ನಂಬರ್ ಮೂವತ್ತಾರಕ್ಕೆ ಬಣ್ಣ ಬಳಿದವರು

ಪ್ರೊಡಾನ್ ತ್ಸೊನೆವ್ ಅವರನ್ನು ನಾನು ಮೊದಲು ನೋಡಿದ್ದು 2014ರ ಮಾರ್ಚ್ ಹದಿಮೂರು, ಗುರುವಾರ, ಬೆಳಗ್ಗೆ ಹತ್ತೂಕಾಲಿಗೆ. ಅಂದಿನ ಸಮೀಕ್ಷೆಯ ನಮೂನೆ ಇಂದಿಗೂ ನನ್ನ ಬಳಿ ಇರುವುದರಿಂದ ಇಷ್ಟು ಖಚಿತವಾಗಿ ಹೇಳಬಲ್ಲೆ. ಮೇಲಿನ ಸಾಲಿನಲ್ಲಿ ದಿನ, ವೇಳೆ, ಹವೆ ಬರೆಯುವುದು ನಮ್ಮ ವಸ್ತುಸಂಗ್ರಹಾಲಯದ ನಿಯಮ. ಹವೆಯ ಮುಂದೆ "ಬಿಸಿಲು, ತಣ್ಣನೆಯ ಗಾಳಿ" ಎಂದು ನನ್ನ ಅಕ್ಷರದಲ್ಲೇ ಇದೆ.

ಬಸ್ಸಿನಿಂದ ಇಳಿದರೆ ಎದುರಿಗೇ ಗೋರ್ನಾ ಲೋಕ್ವಾ ಊರಿನ ಚೌಕ. ಒಂದು ಕಡೆ ಪುರಸಭೆ, ಇನ್ನೊಂದು ಕಡೆ ಲೇಲ್ಯಾ ಸ್ಟಾನಾಳ ಕಾಫಿ ಗೂಡಂಗಡಿ. ನಡುವೆ ಓರೆಯಾದ, ಆಳೆತ್ತರದ ಕಾಂಕ್ರೀಟ್ ಕಂಬದ ಮೇಲೆ, ಮೂಗು ಮೇಲೆತ್ತಿ ಎಡರೆಕ್ಕೆ ತಗ್ಗಿಸಿ, ಒಂದು ಹಳೆಯ ಮಿಗ್-17 ಯುದ್ಧವಿಮಾನ. ಆ ಚೌಕದಲ್ಲಿ ಹೂ ಬಿಡುವ ಮರ ಇರಲಿಲ್ಲ. ಮಾರ್ಚ್ ತಿಂಗಳಲ್ಲಿ ಎಲ್ಲರೂ ಮುಂಗೈಗೆ ಕಟ್ಟಿಕೊಳ್ಳುವ ಕೆಂಪು-ಬಿಳಿ ದಾರಗಳನ್ನು ಊರಿನವರು ಕೊನೆಗೆ ಹೂಮರಕ್ಕೆ ಕಟ್ಟುವ ಬದಲು ವಿಮಾನದ ರೆಕ್ಕೆಯ ತುದಿಯ ಕೊಳವೆಗೆ ಕಟ್ಟಿಬಿಡುತ್ತಿದ್ದರು. ಗಾಳಿಗೆ ಅವು ಪಟಪಟ ಹಾರುತ್ತಿದ್ದವು. ರೆಕ್ಕೆಯ ಮೇಲೆ, ಸೊಂಟಕ್ಕೆ ಹಗ್ಗ ಬಿಗಿದುಕೊಂಡ ಒಬ್ಬ ಮುದುಕರು ಮಂಡಿಯೂರಿ ಕೂತು, ಕುದುರೆ ಮೈ ಉಜ್ಜುವ ಬ್ರಷ್ಷಿನಿಂದ ವಿಮಾನದ ಬೆನ್ನು ಉಜ್ಜುತ್ತಿದ್ದರು.

"ಅಲ್ಲಿ ನಿಂತ್ಕೋಬೇಡ, ಸೋಪುನೀರು ತಲೆ ಮೇಲೆ ಬೀಳುತ್ತೆ," ಎಂದರು, ತಿರುಗಿಯೂ ನೋಡದೆ.

"ನಾನು ವಸ್ತುಸಂಗ್ರಹಾಲಯದಿಂದ ಬಂದಿದೀನಿ."

"ಯಾವುದು? ಒಡೆದ ಮಡಕೆ ಇಡ್ತಾರಲ್ಲ, ಅದಾ?"

"ಅಲ್ಲ. ವಿಮಾನ ಇಡ್ತಾರಲ್ಲ, ಅದು."

ಬ್ರಷ್ಷು ನಿಂತಿತು. ಅವರು ಹಗ್ಗ ಬಿಚ್ಚಿ, ಏಣಿಯ ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಊರಿ ಇಳಿದು, ಕೈ ಒರೆಸಿಕೊಂಡು ನನ್ನೆದುರು ನಿಂತರು. ಕುಳ್ಳಗಿನ ಆಳು, ಹತ್ತಿ ತುಂಬಿದ ನೀಲಿ ಕೋಟು, ಬಿಳಿ ಹುಬ್ಬು. ಹೆಸರು ಕೇಳಲಿಲ್ಲ. ವಿಮಾನದ ಕಡೆ ಗಲ್ಲ ಎತ್ತಿ ತೋರಿಸಿದರು.

"ಯಾವ ಬಣ್ಣ?"

"ಬೆಳ್ಳಿ," ಎಂದೆ.

"ಬೆಳ್ಳಿ! ಹೊಳೆ ಮೀನೂ ಬೆಳ್ಳಿ, ಒಲೆ ಕೊಳವೆನೂ ಬೆಳ್ಳಿ, ನನ್ನ ಹಲ್ಲೂ ಬೆಳ್ಳಿ." ಬಾಯಿ ತೆರೆದು ಒಂದು ಹಲ್ಲು ತೋರಿಸಿಯೂ ಬಿಟ್ಟರು. "ಓದಿದೋಳಾ ನೀನು?"

"ಹೌದು. ನಮ್ಮನೇಲಿ ನಾನೇ ಮೊದಲನೆಯೋಳು."

"ಹಂಗಾದ್ರೆ ಕಲೀತೀಯ ಬಿಡು. ಮನೇಲಿ ಮೊದಲನೆಯೋರು ಹೇಳಿದ್ದು ಬರ್ಕೋತಾರೆ."

ಗೂಡಂಗಡಿಯ ಕಿಟಕಿಯಿಂದ ಲೇಲ್ಯಾ ಸ್ಟಾನಾ ಕೂಗಿದಳು: "ಪಾಪದ ಹುಡುಗಿನ ಬಿಡೋ ಪ್ರೊಡಾನ್! ಮದುವೆಯಾಗಿ ನಲವತ್ತು ವರ್ಷದಲ್ಲಿ ಒಂದಿನ ಹೆಂಡ್ತಿ ಬೆನ್ನು ಉಜ್ಜಿದೋನಲ್ಲ, ಈ ತಗಡಿಗೆ ಸ್ನಾನ ಮಾಡಿಸ್ತಾನೆ!"

"ನೆಡಾ ಬೆನ್ನು ಉಜ್ಜು ಅಂತ ಕೇಳಲಿಲ್ಲ," ಎಂದರು ಅವರು. "ಇದೂ ಕೇಳಲ್ಲ. ಆದ್ರೆ ಇದು ನಗೋದಿಲ್ಲ, ನಿನ್ ಥರ."

ನಾನು ಬಂದ ಕಾರಣ ಹೇಳಿದೆ. ನಮ್ಮ ಸೀಮೆಯಲ್ಲಿ ಕಂಬದ ಮೇಲೆ ನಿಲ್ಲಿಸಿದ ಹಳೆಯ ಯುದ್ಧವಿಮಾನಗಳು ಹದಿಮೂರು ಇದ್ದವು. ವಸ್ತುಸಂಗ್ರಹಾಲಯಕ್ಕೆ ಹೊಸ ಹ್ಯಾಂಗರ್, ವಿಮಾನ ನಿಲ್ಲಿಸುವ ಚಾವಣಿಯ ಶೆಡ್ಡು, ಮಂಜೂರಾಗಿತ್ತು. ಹದಿಮೂರರಲ್ಲಿ ಯಾವುದನ್ನು ಇಳಿಸಿ ಮಾಡಿನಡಿ ತರಬಹುದು ಎಂದು ಪಟ್ಟಿ ಮಾಡುವುದು ನನ್ನ ಕೆಲಸ. ಉಳಿದವು ಮಳೆಗೆ, ಆಮೇಲೆ ಗುಜರಿಗೆ.

ಅವರು ಏಣಿಯನ್ನು ಬುಡದಿಂದ ತುದಿಯವರೆಗೆ ಒಮ್ಮೆ ನೋಡಿದರು. ಆಮೇಲೆ, "ಇದನ್ನ ಮಾಡಿನಡಿ ತಗೊಂಡು ಹೋಗು ಮಗಳೇ," ಎಂದರು. "ನನಗೆ ಅರವತ್ತೆಂಟು. ಏಣಿ ಹತ್ತೋದು ಇನ್ನೆಷ್ಟು ವರ್ಷ? ನಾನು ಹೋಗೋದ್ರೊಳಗೆ ಇದು ಒಂದು ಸೂರಿನಡಿ ಸೇರಿದ್ರೆ ಸಾಕು."

ಅಂದಿನಿಂದ ನಾನು ಅವರನ್ನು ಚಿಚೊ ಪ್ರೊಡಾನ್ ಎಂದು ಕರೆದೆ. ನಮ್ಮ ಕಡೆ ಚಿಕ್ಕಪ್ಪನನ್ನೂ, ಚಿಕ್ಕಪ್ಪನ ವಯಸ್ಸಿನವರನ್ನೂ ಹಾಗೇ ಕರೆಯುವುದು, ಆ ವಯಸ್ಸಿನ ಹೆಂಗಸರನ್ನು ಲೇಲ್ಯಾ ಎನ್ನುವ ಹಾಗೆ.

ಅವರ ತಂದೆ ಗಾಡಿಗಳಿಗೆ ಬಣ್ಣ ಬಳಿಯುತ್ತಿದ್ದವರು. ಕುದುರೆಗಾಡಿಯ ಹಲಗೆಯ ಮೇಲೆ ಗುಲಾಬಿ, ಹುಂಜ, ಗಾಡಿಯವನ ಹೆಸರಿನ ಮೊದಲ ಅಕ್ಷರ. ಚಿಚೊ ಪ್ರೊಡಾನ್ ಹತ್ತೊಂಬತ್ತಕ್ಕೆ ಸೈನ್ಯದ ಕಡ್ಡಾಯ ಸೇವೆಗೆ ಹೋದಾಗ, ವಾಯುನೆಲೆಯ ಅಧಿಕಾರಿಗಳ ಊಟದ ಮನೆಗೆ ಬೋರ್ಡು ಬರೆಯಲು ಒಬ್ಬ ಬೇಕಾಗಿದ್ದ. ಬರೆದರು. ಅಕ್ಷರ ನೋಡಿದ ಕಮಾಂಡರು ಅವರನ್ನು ಬಣ್ಣದ ಶೆಡ್ಡಿಗೆ ಕಳಿಸಿದರು. ಕಡ್ಡಾಯ ಸೇವೆ ಮುಗಿದ ಮೇಲೂ ನೌಕರನಾಗಿ ಅಲ್ಲೇ ಉಳಿದರು. ನೆಲೆ ಮುಚ್ಚುವ ತನಕ ಮೂವತ್ತೆರಡು ವರ್ಷ ವಿಮಾನಗಳ ಮೇಲೆ ನಂಬರು ಬರೆದರು.

1968ರಲ್ಲಿ ಅವರು ಯಾರ ಸಹಾಯವೂ ಇಲ್ಲದೆ ಬರೆದ ಮೊದಲ ನಂಬರು ಮೂವತ್ತಾರು. ಊಟದ ಮನೆಯಲ್ಲಿ ಸೂಪು ಬಡಿಸುತ್ತಿದ್ದ ನೆಡಾ ಎಂಬ ಹುಡುಗಿ ಅಂದು ಅವರನ್ನು ನೋಡಿ, "ನಿಮ್ಮ ಕಿವಿ ಮೇಲೆ ಅರ್ಧ ಆರು ಇದೆ," ಎಂದಳಂತೆ. ಮರುವರ್ಷ ಮದುವೆಯಾಯಿತು. ಆ ವಿಮಾನ 1984ರಲ್ಲಿ ಹಾರಾಟ ನಿಲ್ಲಿಸಿತು. 1987ರಲ್ಲಿ ಊರಿನ ಚೌಕಕ್ಕೆ ಒಂದು ಹಳೆಯ ವಿಮಾನ ಕೊಡುತ್ತೇವೆ ಎಂದು ನೆಲೆಯವರು ಹೇಳಿದಾಗ, ಯಾವುದನ್ನು ಕೊಡುವುದು ಎಂದು ಬಣ್ಣದ ಶೆಡ್ಡಿನವರನ್ನು ಕೇಳಿದರು. ಉತ್ತರ ಹೇಳಿದ್ದು ಯಾರೆಂದು ಬೇರೆ ಹೇಳಬೇಕಿಲ್ಲ.

ಪ್ರತಿ ಏಪ್ರಿಲ್ ಕೊನೆಯ ವಾರ, ಮೇ ಆರರ ಸಂತ ಜಾರ್ಜ್ ಹಬ್ಬಕ್ಕೆ ಮುಂಚೆ, ಗಂಡ ಹೆಂಡತಿ ಇಬ್ಬರೂ ಸೇರಿ ಅದಕ್ಕೆ ಬಣ್ಣ ಬಳಿಯುತ್ತಿದ್ದರು. ಬೇರೆ ಊರುಗಳಲ್ಲಿ ಪುರಸಭೆಯ ಆಳುಗಳು ಬೇಲಿಗೆ ಬಳಿಯುವ ಬೆಳ್ಳಿಬಣ್ಣದ ಡಬ್ಬ ತಂದು ಮೂಗಿನಿಂದ ಬಾಲದವರೆಗೆ ಒಂದೇ ಸಮ ಬಳಿದುಬಿಡುತ್ತಾರೆ. ಇವರಲ್ಲಿ ಹಾಗಿಲ್ಲ. ಅಲ್ಯುಮಿನಿಯಂ ಪುಡಿಯನ್ನು ವಾರ್ನಿಷಿಗೆ ಸ್ವಲ್ಪಸ್ವಲ್ಪವೇ ಹಾಕಿ ಕಲಸಬೇಕು. ಜೋರಾಗಿ ಕಲಸಿದರೆ ನೊರೆ ಎದ್ದು ಬಣ್ಣ ಸತ್ತುಹೋಗುತ್ತದೆ. ಆ ಕೆಲಸ ನೆಡಾಳದು. "ಸಾರು ತಿರುಗಿಸೋ ಕೈ ಬೇಕು ಅದಕ್ಕೆ, ಕುಂಚ ಹಿಡಿಯೋ ಕೈ ಅಲ್ಲ," ಎನ್ನುತ್ತಿದ್ದರು ಚಿಚೊ. ಮೈಗೆ ಒಂದು ಬೆಳ್ಳಿ, ಎಂಜಿನ್ ಇರುವ ಹಿಂಭಾಗಕ್ಕೆ ಇನ್ನೊಂದು, ಸ್ವಲ್ಪ ಕಂದು ತಿರುಗಿದ್ದು. ಗಾಲಿಯ ಗೂಡಿಗೆ ಬೂದಿ. ಬಾಲದ ತುದಿಗೆ ಕಡುಹಸಿರು. ನಂಬರಿಗೆ ಆಸ್ಪತ್ರೆಯ ಹಳೆಯ ಎಕ್ಸ್‌ರೇ ಹಾಳೆಯಲ್ಲಿ ಕತ್ತರಿಸಿದ ಅಚ್ಚು. ಬೆಳಕಿಗೆ ಹಿಡಿದರೆ ಮೂರರ ಹಿಂದೆ ಯಾರದೋ ಪಕ್ಕೆಲುಬು, ಆರರ ಹಿಂದೆ ಯಾರದೋ ಮಂಡಿಚಿಪ್ಪು ಕಾಣುತ್ತಿತ್ತು.

ನೆಡಾ 2009ರಲ್ಲಿ ತೀರಿಕೊಂಡರು. ಆಮೇಲೆ ಬಣ್ಣ ಕಲಸುವುದನ್ನೂ ಅವರೇ ಮಾಡಿದರು. "ನೊರೆ ಬರುತ್ತೆ ಮಗಳೇ," ಎಂದು ಒಮ್ಮೆ ಹೇಳಿದರು, ಅಷ್ಟೇ.

ತೊಂಬತ್ತರ ದಶಕದಲ್ಲಿ, ಕಮ್ಯುನಿಸ್ಟ್ ಆಳ್ವಿಕೆ ಹೋದಮೇಲೆ, ವಿಮಾನದ ಮೇಲಿನ ಕೆಂಪು ನಕ್ಷತ್ರ ಅಳಿಸಬೇಕೆಂದು ಪುರಸಭೆಯಿಂದ ಆದೇಶ ಬಂತು. ಚಿಚೊ ತಕರಾರು ಮಾಡಲಿಲ್ಲ. ಹತ್ತು ಜನರ ಎದುರಿಗೇ ಏಣಿ ಹತ್ತಿ ನಕ್ಷತ್ರದ ಮೇಲೆ ಬೆಳ್ಳಿ ಬಳಿದರು. ಬಳಿಯುವ ಮೊದಲು "ಎಣ್ಣೆಜಿಡ್ಡು ತೆಗೀಬೇಕು" ಎಂದು ಏನನ್ನೋ ಚೆನ್ನಾಗಿ ಸವರಿದ್ದರು. ಅದು ಬಟ್ಟೆ ಸೋಪು. ಎರಡು ಮಳೆಗೆ ಬೆಳ್ಳಿ ಸಿಪ್ಪೆಯಂತೆ ಎದ್ದು ಬಂದು ನಕ್ಷತ್ರ ಮತ್ತೆ ಹೊರಗೆ ಬಂತು. ಪುರಸಭೆಯವರು ಕರೆದು ಕೇಳಿದರೆ, "ನೀವು ಕೊಟ್ಟ ಬಣ್ಣ ಚೆನ್ನಾಗಿಲ್ಲ ಸ್ವಾಮಿ. ಬೇರೆ ಡಬ್ಬ ಕೊಡಿಸಿ," ಎಂದರು. ಮೂರು ಡಬ್ಬ ಆದಮೇಲೆ ಪುರಸಭೆಯವರು ಕೇಳುವುದನ್ನೇ ಬಿಟ್ಟರು.

ಈ ಕಥೆಯನ್ನು ಅವರು ನಗುತ್ತಾ ಹೇಳುತ್ತಿದ್ದರು. ಅಷ್ಟೇ ನಗುತ್ತಾ ಹೇಳಿದ ಇನ್ನೊಂದು ಕಥೆ ಕಣಜದ ಹುಳುಗಳದ್ದು. ಅದನ್ನು ಅವರು ನನಗೆ ಹೇಳಿದ್ದು ಮೊದಲ ದಿನವೇ, ಸ್ಟಾನಾಳ ಅಂಗಡಿಯ ಮುಂದೆ ಕಾಫಿ ಕುಡಿಯುತ್ತಾ.

ನಮ್ಮ ಊರುಗಳಲ್ಲಿ ಮದುವೆಯಾದವರು ಚರ್ಚಿನಿಂದ ನೇರವಾಗಿ ಚೌಕಕ್ಕೆ ಬಂದು ವಿಮಾನದ ಕೆಳಗೆ ಫೋಟೋ ತೆಗೆಸಿಕೊಳ್ಳುತ್ತಾರೆ. 1996ರ ಸೆಪ್ಟೆಂಬರಿನಲ್ಲಿ ಅಂಥ ಒಂದು ಮದುವೆ. ಬ್ಯಾಂಡಿನವರು ಡೋಲು ಬಾರಿಸಿದ್ದೇ ತಡ, ವಿಮಾನದ ಹೊಟ್ಟೆಯೊಳಗೆ ಗೂಡು ಕಟ್ಟಿದ್ದ ಕಣಜಗಳೆಲ್ಲ ಹೊರಗೆ ನುಗ್ಗಿದವು.

"ಮದುಮಗಳ ಮೂತಿ ಕುಂಬಳಕಾಯಿ ಆಗೋಯ್ತು," ಎಂದಳು ಸ್ಟಾನಾ. "ಮದುಮಗ ಮೊದಲು ಓಡ್ದ. ಆ ಮದುವೆ ಆವತ್ತೇ ಮುರೀಬೇಕಿತ್ತು. ಎಂಟು ವರ್ಷ ಎಳೀತು."

"ಊರಿನೋರೆಲ್ಲ ವಿಮಾನ ತೆಗೆದುಹಾಕಿ ಅಂತ ಅರ್ಜಿ ಬರೆದ್ರು," ಎಂದರು ಚಿಚೊ. "ಗುಜರಿಯೋನು ಬಂದು ಅಳತೆನೂ ತಗೊಂಡ. ನಾನು ಹೋಗಿ, ಒಂದು ವಾರ ಕೊಡಿ ಅಂದೆ. ಹೊಟ್ಟೆ ಅಡಿ ಹನ್ನೊಂದು ತೂತು ಇದ್ವು, ಕಿರುಬೆರಳಷ್ಟು ದಪ್ಪದ್ದು. ಕಣಜ ಹೋಗ್ತಿದ್ದದ್ದು ಅಲ್ಲಿಂದ್ಲೇ. ಹನ್ನೊಂದಕ್ಕೂ ಗಟ್ಟಿ ಪುಟ್ಟಿ ತುಂಬಿ, ಒಣಗಿಸಿ, ಮರಳುಕಾಗದ ಹಾಕಿ ಉಜ್ಜಿ, ಮೇಲೆ ಬಣ್ಣ ಹೊಡೆದೆ. ಇವತ್ತು ಹುಡುಕು ನೋಡೋಣ, ಒಂದು ತೂತು ತೋರಿಸು!"

ನಾನು ಎದ್ದುಹೋಗಿ ವಿಮಾನದ ಹೊಟ್ಟೆಯ ಕೆಳಗೆ ಕೈಯಾಡಿಸಿದೆ. ನಿಜವಾಗಿಯೂ ಒಂದೂ ಸಿಗಲಿಲ್ಲ. ಮೊಟ್ಟೆಯ ಸಿಪ್ಪೆಯಷ್ಟು ನುಣುಪು. ಬಣ್ಣದವನಿಗೆ ತೂತು ಎಂದರೆ ದೋಷ. ಮುಚ್ಚಿದಷ್ಟೂ ಒಳ್ಳೆಯ ಕೆಲಸಗಾರ. ನಾನು ಮೆಚ್ಚಿ ತಲೆದೂಗಿದೆ. ನಮೂನೆಯಲ್ಲಿ "ಹೊರಮೈ: ಅತ್ಯುತ್ತಮ. ಹದಿಮೂರರಲ್ಲಿ ಮೊದಲನೆಯದು" ಎಂದು ಬರೆದೆ. ನಾನು ಓದಿದ್ದು ಇತಿಹಾಸ. ವಿಮಾನದ ಹೊಟ್ಟೆಯಲ್ಲಿ ತೂತು ಯಾಕಿರುತ್ತದೆ ಎಂದು ಅಂದು ನನಗೂ ಗೊತ್ತಿರಲಿಲ್ಲ, ಕೇಳಬೇಕೆಂದೂ ಹೊಳೆಯಲಿಲ್ಲ.

ಮುಂದಿನ ಮೂರು ವರ್ಷ ನಾನು ಆಗಾಗ ಗೋರ್ನಾ ಲೋಕ್ವಾಕ್ಕೆ ಹೋಗಿಬರುತ್ತಿದ್ದೆ. ಮೀನಿನ ಡಬ್ಬದ ತಗಡನ್ನು ಪಟ್ಟಿಪಟ್ಟಿ ಕತ್ತರಿಸಿ, ತಾವು ಬಳಿದ ಒಂದೊಂದು ಬಣ್ಣವನ್ನೂ ಒಂದೊಂದು ಪಟ್ಟಿಗೆ ಹಚ್ಚಿ, ಹಿಂದೆ ವಿಮಾನದ ನಂಬರೂ ಇಸವಿಯೂ ಕೊರೆದಿಟ್ಟಿದ್ದ ನಾಲ್ಕು ಪೆಟ್ಟಿಗೆಗಳನ್ನು ಅವರು ನನ್ನ ಮುಂದೆ ಬಿಚ್ಚಿದರು. ಯಾವ ವರ್ಷ ಯಾವ ವಿಮಾನಕ್ಕೆ ಯಾವ ಹಸಿರು, ಯಾವ ಕಂದು ಎಂದು ಸರ್ಕಾರಿ ಕಡತದಲ್ಲಿ ಇಲ್ಲದ್ದು ಆ ತಗಡುಗಳಲ್ಲಿ ಇತ್ತು. ನಮ್ಮ ಹ್ಯಾಂಗರಿನಲ್ಲಿ ಇಂದು ನಿಂತಿರುವ ಐದು ವಿಮಾನಗಳ ಬಣ್ಣ ಸರಿಯಾಗಿದ್ದರೆ ಅದು ಆ ಪೆಟ್ಟಿಗೆಗಳ ಪುಣ್ಯ. ಪ್ರತಿ ಸಲ ಹೋದಾಗಲೂ ಅವರು ಕೊನೆಗೆ ಕೇಳುತ್ತಿದ್ದುದು ಒಂದೇ ಮಾತು: "ಮಾಡು ಹಾಕಿದ್ರಾ?"

2017ರ ವಸಂತಕ್ಕೆ ಹ್ಯಾಂಗರಿನ ಮಾಡು ಮುಗಿಯಿತು. ಅದೇ ಹೊತ್ತಿಗೆ ಗೋರ್ನಾ ಲೋಕ್ವಾದ ಚೌಕದಲ್ಲಿ ಕಾರಂಜಿ ಕಟ್ಟುವ ಯೋಜನೆ ಬಂತು. ಉಪಮೇಯರ್ ಕುಶೆವ್ ನಮಗೆ ಪತ್ರ ಬರೆದರು: ಜೂನ್ ಒಂದರೊಳಗೆ ವಿಮಾನವನ್ನು ನೀವು ಇಳಿಸಿಕೊಂಡು ಹೋಗಿ, ಇಲ್ಲವಾದರೆ ನಾವೇ ವಿಲೇವಾರಿ ಮಾಡುತ್ತೇವೆ. ನಮ್ಮ ಕಡೆಯಿಂದ ಇದ್ದದ್ದು ಒಂದೇ ಷರತ್ತು. ಕ್ರೇನು ಎತ್ತುವ ಮೊದಲು ರೆಕ್ಕೆ ಹೊತ್ತ ಒಳಗಿನ ತೊಲೆ ಗಟ್ಟಿಯಾಗಿದೆಯೇ ಎಂದು ಮೆಕ್ಯಾನಿಕ್ ಪರೀಕ್ಷಿಸಬೇಕು. ಅದನ್ನು ನಾನು ಫೋನಿನಲ್ಲಿ ಹೇಳಿದಾಗ ಚಿಚೊ ನಕ್ಕರು.

"ಪರೀಕ್ಷೆನಾ? ನನ್ನ ಮೂವತ್ತಾರಕ್ಕಾ? ಬರಲಿ. ಕನ್ನಡಿ ತರೋದು ಬೇಡ ಅಂತ ಹೇಳು, ಅದರ ಮೈಲೇ ಮುಖ ನೋಡಿ ಗಡ್ಡ ಕೆರ್ಕೋಬಹುದು."

ಆ ಏಪ್ರಿಲ್ಲಿನಲ್ಲಿ ಅವರು ಹಿಂದೆಂದೂ ಇಲ್ಲದಂತೆ ಬಣ್ಣ ಬಳಿದರು. ಬೀಳ್ಕೊಡುಗೆ ಎಂದು ಊರಿನವರೂ ಬಂದು ಏಣಿ ಹಿಡಿದರು.

ಮೇ ಹನ್ನೊಂದಕ್ಕೆ ನಾನು ನಮ್ಮ ಮೆಕ್ಯಾನಿಕ್ ಮಿಲ್ಕೊನನ್ನು ಕರೆದುಕೊಂಡು ಹೋದೆ. ಮಿಲ್ಕೊ ಮಾತು ಕಡಿಮೆ, ಕೆಲಸ ಚೊಕ್ಕ. ಚಿಚೊ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಸ್ಟಾನಾ ಬಿಸಿಬಿಸಿ ಬಾನಿತ್ಸಾ ಎಂಬ ಪದರ ಪದರದ ಚೀಸ್ ತಿಂಡಿಯನ್ನು ತಟ್ಟೆಯಲ್ಲಿ ತಂದಿದ್ದಳು.

ಮಿಲ್ಕೊ ಸುತ್ತಲೂ ಒಮ್ಮೆ ನಡೆದು, "ಒಳ್ಳೆ ಕೈ," ಎಂದ. ಚಿಚೊ ಸ್ಟಾನಾಳ ಕಡೆ ನೋಡಿ ಹುಬ್ಬು ಹಾರಿಸಿದರು. ಆಮೇಲೆ ಮಿಲ್ಕೊ ಹೊಟ್ಟೆಯ ಕೆಳಗೆ ನುಸುಳಿ, ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋದ. ಮುಂದೆ ಟಣ್ ಎನ್ನುತ್ತಿದ್ದದ್ದು ನಡುವಿಗೆ ಬಂದಾಗ ದೊಬ್ ಎಂದಿತು. ಮತ್ತೆ ತಟ್ಟಿದ. ದೊಬ್. ಬೆರಳಿನಿಂದ ತಡವಿದ.

"ನೀರು ಇಳಿಯೋ ತೂತು ಎಲ್ಲಿ?"

ಚಿಚೊ ಬಗ್ಗಿ ಅವನ ಬೆರಳಿದ್ದ ಕಡೆ ನೋಡಿದರು.

"ಇಲ್ಲಿ ಹನ್ನೊಂದು ಇರಬೇಕು. ಮಳೆನೀರು, ಇಬ್ಬನಿ ನೀರು ಹೊರಗೆ ಹೋಗಕ್ಕೆ. ಎಲ್ಲಿ?"

ಅವನು ಡ್ರಿಲ್ ತೆಗೆದುಕೊಂಡು ಒಂದು ಕಡೆ ಕೊರೆದ. ತುದಿ ಒಳಗೆ ಹೋದದ್ದೇ ಕಂದು ನೀರು ಅವನ ತೋಳಿನ ಮೇಲೆ ಸುರಿಯಿತು. ಕೊಳೆತ ಎಲೆಯ ವಾಸನೆ. ಅದು ನಿಲ್ಲಲಿಲ್ಲ. ಚಿಚೊ ತಮ್ಮ ಸೋಪಿನ ಬಕೆಟ್ಟು ತಂದು ಕೆಳಗೆ ಹಿಡಿದರು. ಅದು ತುಂಬಿತು. ಚೆಲ್ಲಿ ಬಂದು ಮತ್ತೆ ಹಿಡಿದರು. ಮತ್ತೆ ತುಂಬಿತು. ಮೂರನೆಯದು ಅರ್ಧಕ್ಕೆ ಬಂದಾಗ ಅವರು ಅದನ್ನು ಕೆಳಗಿಟ್ಟುಬಿಟ್ಟರು. ನಾನು ಹೋಗಿ ಬಕೆಟ್ಟು ಹಿಡಿದುಕೊಂಡೆ.

ಮಿಲ್ಕೊ ಒಂದು ಮುಚ್ಚಳದ ಸ್ಕ್ರೂ ಬಿಚ್ಚಿ ಒಳಗೆ ಟಾರ್ಚು ಬಿಟ್ಟ. ನನ್ನನ್ನೂ ಕರೆದು ತೋರಿಸಿದ. ರೆಕ್ಕೆಯ ತೊಲೆ ಬಾನಿತ್ಸಾದಂತೆ ಪದರ ಪದರವಾಗಿ ಉಬ್ಬಿ ಬಿಟ್ಟುಕೊಂಡಿತ್ತು. ಅವನು ಬೆರಳಿಟ್ಟರೆ ಒಂದು ಪದರ ಕೈಗೇ ಬಂತು, ಬಿಳಿಯ ಪುಡಿ ಉದುರಿತು.

"ಇಪ್ಪತ್ತು ವರ್ಷದ ನೀರು," ಎಂದ ಮಿಲ್ಕೊ. "ತೂತು ಮುಚ್ಚಿದ್ದು ಯಾರು?"

"ಪುರಸಭೆಯೋರು," ಎಂದಳು ಸ್ಟಾನಾ ತಟ್ಟನೆ. ತಟ್ಟೆ ಇನ್ನೂ ಅವಳ ಕೈಯಲ್ಲೇ ಇತ್ತು. "ಆ ತೊಂಬತ್ತಾರರ ಪುರಸಭೆಯೋರು. ಕತ್ತೆಗಳು. ಎಲ್ಲಾ ಸತ್ತೂ ಹೋಗಿದಾರೆ."

"ನಾನು," ಎಂದರು ಚಿಚೊ ಪ್ರೊಡಾನ್.

ಮಿಲ್ಕೊ ಅವರನ್ನು ನೋಡಿದ. ಅವನು ಒರಟ, ಆದರೆ ಕೆಟ್ಟವನಲ್ಲ. ಟಾರ್ಚು ಆರಿಸಿ, ಡ್ರಿಲ್ಲಿನ ವಯರು ಸುತ್ತತೊಡಗಿದ.

ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಚಿಚೊ ನನ್ನನ್ನು ಕಂಬದ ಹಿಂದಕ್ಕೆ ಕರೆದರು.

"ನಿನ್ನ ಕಾಗದದಲ್ಲಿ ಏನು ಬರೀತೀಯ?"

"ಮಿಲ್ಕೊ ಹೇಳಿದ್ದನ್ನ."

"ಒಂದು ಸಾಲು ಮಗಳೇ. 'ಸ್ಥಿತಿ: ಸಾಧಾರಣ' ಅಂತ ಬರಿ. ಅಲ್ಲಿಗೆ ಬಂದ್ಮೇಲೆ ಒಳಗಿಂದ ಏನಾದ್ರೂ ಮಾಡ್ಬಹುದು. ಕಬ್ಬಿಣದ ಊರುಗೋಲು ಕೊಟ್ಟು ನಿಲ್ಲಿಸ್ಬಹುದು. ಅದು ಹಾರಬೇಕಾಗಿಲ್ವಲ್ಲ, ನಿಂತ್ಕೊಂಡ್ರೆ ಸಾಕು. ಮಾಡಿನಡಿ."

"ಕ್ರೇನು ಎತ್ತಿದ್ರೆ ರೆಕ್ಕೆ ಕಳಚಿ ಬೀಳುತ್ತೆ ಚಿಚೊ. ಕೆಳಗೆ ಜನ ಇರ್ತಾರೆ."

"ಮೆಲ್ಲಗೆ ಎತ್ತಿದ್ರೆ?"

ಅವರಿಗೂ ಉತ್ತರ ಗೊತ್ತಿತ್ತು. ವಿಮಾನದ ಮೈಗೆ ಅಂಗೈ ಒತ್ತಿ ನಿಂತಿದ್ದರು, ಜ್ವರ ಬಂದ ದನದ ಮೈ ಮುಟ್ಟಿ ನೋಡುವ ಹಾಗೆ.

"ನನಗೆ ಯಾರೂ ಹೇಳಲಿಲ್ಲ," ಎಂದರು. "ಮೂವತ್ತೆರಡು ವರ್ಷ ಅವುಗಳ ಹೊಟ್ಟೆ ಅಡಿ ಮಲಗಿ ಬಣ್ಣ ಹೊಡೆದೆ. ತೂತಿನ ಮೇಲೆ ಟೇಪ್ ಹಚ್ಚು, ಬಣ್ಣ ಒಳಗೆ ಹೋಗಬಾರದು ಅಂತಿದ್ರು. ಯಾಕೆ ಅಂತ ನಾನು ಕೇಳಲಿಲ್ಲ. ಬಣ್ಣದೋನಿಗೆ ಯಾಕೆ ಬೇಕು ಅದೆಲ್ಲ."

ವರದಿಯನ್ನು ನಾನು ಇದ್ದದ್ದು ಇದ್ದಂತೆ ಬರೆದೆ. "ಹೊರಮೈ: ಅತ್ಯುತ್ತಮ. ಒಳಚೌಕಟ್ಟು: ಸಂಪೂರ್ಣ ಶಿಥಿಲ. ಕಾರಣ: ನೀರಿಳಿಯುವ ರಂಧ್ರಗಳನ್ನು ನಂತರದ ನಿರ್ವಹಣೆಯಲ್ಲಿ ಮುಚ್ಚಲಾಗಿದೆ. ಸಾಗಣೆಗೆ ಯೋಗ್ಯವಲ್ಲ." ಕೆಳಗೆ ನನ್ನ ಸಹಿ. ಅದೇ ವಿಮಾನದ ಬಗ್ಗೆ ಮೂರು ವರ್ಷದ ಹಿಂದೆ "ಮೊದಲನೆಯದು" ಎಂದು ಬರೆದ ನಮೂನೆಯ ಕೆಳಗೂ ಅದೇ ಸಹಿ ಇದೆ. ಆ ದಿನ ತೂತಿನ ಕಥೆ ಕೇಳಿ ಬಂದು ಮಿಲ್ಕೊನಿಗೆ ಹೇಳಿದ್ದರೆ ತೊಲೆ ಉಳಿಯುತ್ತಿತ್ತೇ ಎಂದು ಅವನನ್ನು ಕೇಳಿದೆ. "ಗೊತ್ತಿಲ್ಲ," ಎಂದ. ಆಮೇಲೆ, "ಕೇಳಬೇಡ," ಎಂದ.

ಜೂನ್ ಐದಕ್ಕೆ ಗುಜರಿಯವರು ಬಂದರು. ನಾನೂ ಹೋಗಿದ್ದೆ. ಹೋಗಬೇಕು ಎನಿಸಿತ್ತು. ಕ್ರೇನು ಬೇಕಾಗಲಿಲ್ಲ. ಎಡರೆಕ್ಕೆಯ ಬುಡಕ್ಕೆ ಕತ್ತರಿಸುವ ಚಕ್ರ ಇಟ್ಟು ಅರ್ಧ ಕೊಯ್ಯುವುದರೊಳಗೆ ಅದು ತಾನಾಗಿಯೇ ಮುರಿದು ಕೆಳಗೆ ಬಿತ್ತು. ಕೊಯ್ದ ಅಂಚಿನಲ್ಲಿ ಬಣ್ಣದ ಪದರಗಳು ಒಂದರ ಮೇಲೊಂದು ಗೆರೆಯಾಗಿ ಕಾಣುತ್ತಿದ್ದವು. ಚಿಚೊ ಹೋಗಿ ಕೂತು, ಉಗುರಿನಿಂದ ಅವನ್ನು ಎಣಿಸಿದರು.

"ಇದು ಈ ವರ್ಷದ್ದು," ಎಂದರು ಯಾರಿಗೂ ಅಲ್ಲದಂತೆ. ಬೆರಳು ಒಳಗೆ ಒಳಗೆ ಹೋಯಿತು. "ಇಲ್ಲಿಂದ ಕೆಳಗೆ ನೆಡಾ ಕಲಸಿದ್ದು."

ಗುಜರಿಯ ಆಳು ಅವರಿಗೆ ನಂಬರು ಇರುವ ತಗಡು ಕತ್ತರಿಸಿ ಕೊಡುತ್ತೇನೆಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಚಿಚೊ ಬೇಡವೆಂದು ಕೈಯಾಡಿಸಿ ಮನೆಗೆ ಹೋದರು. ಮಧ್ಯಾಹ್ನದೊಳಗೆ ಕಂಬ ಮಾತ್ರ ಉಳಿಯಿತು.

ಆಮೇಲೆ ನಾನು ಎಷ್ಟು ಸಲ ಫೋನು ಮಾಡಿದರೂ ಅವರು ಎತ್ತಲಿಲ್ಲ. ಜುಲೈ ನಡುವೆ ಸ್ಟಾನಾ ಫೋನು ಮಾಡಿದಳು.

"ರಾಲಿತ್ಸಾ, ಬಾರೇ ಬೇಗ. ಈ ಮುದುಕನಿಗೆ ತಲೆ ಕೆಟ್ಟಿದೆ."

ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಫೋಟೋ ಹಾಕಿದ ಸಾವಿನ ಹಾಳೆ ಅಚ್ಚು ಹಾಕಿಸಿ ಮನೆಯ ಬಾಗಿಲಿಗೆ, ಬಸ್ ನಿಲ್ದಾಣಕ್ಕೆ, ಮರಗಳಿಗೆ ಅಂಟಿಸುತ್ತಾರೆ. ನಲವತ್ತನೆಯ ದಿನಕ್ಕೆ ಮತ್ತೊಮ್ಮೆ. ನಾನು ಬಸ್ಸಿನಿಂದ ಇಳಿದಾಗ ನಿಲ್ದಾಣದ ಗೋಡೆಯ ಮೇಲೆ ಅಂಥ ಐದಾರು ಹಾಳೆಗಳಿದ್ದವು. ನಡುವಿನದರಲ್ಲಿ ಮನುಷ್ಯರ ಮುಖವಿರಲಿಲ್ಲ. ವಿಮಾನವಿತ್ತು. ಕಪ್ಪು ಅಂಚಿನೊಳಗೆ ಹೀಗೆ ಅಚ್ಚಾಗಿತ್ತು:

"ನಲವತ್ತು ದಿನ. ನಂಬರ್ ಮೂವತ್ತಾರು, 1955–2017. ಇಪ್ಪತ್ತೊಂಬತ್ತು ವರ್ಷ ಆಕಾಶದಲ್ಲಿ, ಮೂವತ್ತು ವರ್ಷ ನಮ್ಮ ಚೌಕದಲ್ಲಿ. ಯಾರಿಗೂ ಕೇಡು ಮಾಡಲಿಲ್ಲ. ಕೊಂದವನು: ಪ್ರೊಡಾನ್ ತ್ಸೊನೆವ್, ಬಣ್ಣದವನು."

ಪುರಸಭೆಯ ಬಾಗಿಲಿನ ಮೇಲೆ ಅಂಟಿಸಿದ್ದನ್ನು ಕುಶೆವ್ ಅವರ ಜನ ಎರಡು ಸಲ ಕಿತ್ತರಂತೆ. ಎರಡು ಸಲವೂ ಮತ್ತೆ ಅಂಟಿಸಿದವಳು ಸ್ಟಾನಾ. "ತಲೆ ಕೆಟ್ಟಿದೆ ನಿಜ," ಎಂದಳು ನನಗೆ. "ಆದ್ರೆ ಸತ್ತೋರ ಹಾಳೆ ಕೀಳೋದು ಪಾಪ."

ಚಿಚೊ ಕಂಬದ ಬುಡದಲ್ಲಿ ಮಡಚುವ ಮೇಜು ಹಾಕಿ, ಬೇಯಿಸಿದ ಗೋಧಿಗೆ ಸಕ್ಕರೆ, ಆಕ್ರೋಟು ಬೆರೆಸಿ, ರೊಟ್ಟಿ, ವೈನು ಇಟ್ಟುಕೊಂಡು ಕೂತಿದ್ದರು. ಅದೇ ಇಸ್ತ್ರಿ ಅಂಗಿ. ಹೋಗಿ ಬರುವವರು ದೂರದಿಂದ ನೋಡಿ ತಲೆ ತಗ್ಗಿಸಿ ನಡೆದುಬಿಡುತ್ತಿದ್ದರು. ಯಾರೂ ತಿಂದಿರಲಿಲ್ಲ.

"ಕಬ್ಬಿಣಕ್ಕೆ ಯಾರಾದ್ರೂ ತಿಥಿ ಗೋಧಿ ಬೇಯಿಸ್ತಾರೇನೋ?" ಎಂದಳು ಸ್ಟಾನಾ.

"ಅದು ಕಬ್ಬಿಣ ಅಲ್ಲ. ಅಲ್ಯುಮಿನಿಯಂ."

"ದೇವರು ಕ್ಷಮಿಸಲಿ ನಿನ್ನ," ಎಂದು ಅವಳು ಒಂದು ಚಮಚ ತೆಗೆದುಕೊಂಡು ಬಾಯಿಗೆ ಹಾಕಿದಳು. "ಸಕ್ಕರೆ ಕಡಿಮೆ." ಆಮೇಲೆ ಅಲ್ಲೇ ಕೂತು ಅತ್ತಳು.

ನಾನೂ ಒಂದು ಚಮಚ ತಿಂದೆ. ನೆಲದ ಮೇಲೆ ಸ್ವಲ್ಪ ವೈನು ಚೆಲ್ಲಿದೆ, ಸತ್ತವರಿಗೆ ಚೆಲ್ಲುವ ಹಾಗೆ. ಅವರ ಪಕ್ಕ ಕೂತು, ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತು ಹೇಳಿದೆ.

"ಚಿಚೊ, ಆ ಹಾಳೇಲಿ ಬರೆದದ್ದು ಸರಿಯಿಲ್ಲ. ತೊಂಬತ್ತಾರರಲ್ಲೇ ಅದು ಗುಜರಿಗೆ ಹೋಗ್ತಿತ್ತು. ನೀವು ತೂತು ಮುಚ್ಚಿದ್ದಕ್ಕೇ ಇನ್ನೂ ಇಪ್ಪತ್ತೊಂದು ವರ್ಷ ನಿಂತಿತ್ತು."

ಅವರು ನನ್ನ ಕಡೆ ತಿರುಗಿದರು.

"ಅದನ್ನ ನಿನ್ನ ವರದಿಲಿ ಬರೆದಿದ್ದೀಯಾ?"

"ಇಲ್ಲ. ಆ ನಮೂನೆಯಲ್ಲಿ ಅದಕ್ಕೆ ಜಾಗ ಇಲ್ಲ."

"ಹಂಗಾದ್ರೆ ನನ್ನ ಹಾಳೇಲೂ ಇಲ್ಲ," ಎಂದರು. ದನಿಯಲ್ಲಿ ಕೋಪವಿರಲಿಲ್ಲ. "ನೀನು ಸರಿಯಾಗೇ ಬರೆದೆ ಮಗಳೇ. ರೆಕ್ಕೆ ಬಿದ್ದದ್ದು ನೋಡ್ದೆನಲ್ಲ. ಕೆಳಗೆ ಯಾರಾದ್ರೂ ಇದ್ದಿದ್ರೆ?" ಗೋಧಿಯ ಬಟ್ಟಲನ್ನು ಇನ್ನೊಬ್ಬರು ಬರಬಹುದು ಎನ್ನುವಂತೆ ಮೇಜಿನ ಅಂಚಿಗೆ ಸರಿಸಿದರು. "ಮಿಕ್ಕ ಹನ್ನೆರಡರ ಹೊಟ್ಟೆ ನೋಡ್ಸು."

ನೋಡಿಸಿದೆವು. ಕಂಬದ ಮೇಲಿನ ಉಳಿದ ಹನ್ನೆರಡರಲ್ಲಿ ನಾಲ್ಕರ ತೂತುಗಳು ಮುಚ್ಚಿಹೋಗಿದ್ದವು. ಯಾರೂ ಪುಟ್ಟಿ ತುಂಬಿರಲಿಲ್ಲ. ವರ್ಷವರ್ಷ ಪ್ರೀತಿಯಿಂದ ಬಳಿದ ಬಣ್ಣವೇ ಗಟ್ಟಿಯಾಗಿ ಕೂತಿತ್ತು. ಮೂರನ್ನು ಉಳಿಸಿಕೊಂಡೆವು. ಆ ಮೂರಕ್ಕೆ ಬಣ್ಣ ಬಳಿಯಲು ಬರುತ್ತೀರಾ ಎಂದು ಕೇಳಲು ನಾನೇ ಅವರ ಮನೆಗೆ ಹೋದೆ. ತಗಡಿನ ನಾಲ್ಕು ಪೆಟ್ಟಿಗೆಗಳನ್ನು ನನ್ನ ಮುಂದೆ ತಂದಿಟ್ಟು, "ತಗೊಂಡು ಹೋಗು, ಇದರಲ್ಲಿ ಎಲ್ಲಾ ಇದೆ," ಎಂದರು. ಬರುತ್ತೇನೆ ಎನ್ನಲಿಲ್ಲ. ಹ್ಯಾಂಗರಿನ ಉದ್ಘಾಟನೆಗೂ ಬರಲಿಲ್ಲ. ಆ ಮಾಡನ್ನು ಅವರು ಈವರೆಗೆ ನೋಡಿಲ್ಲ.

ಈಗ ಪ್ರೊಡಾನ್ ತ್ಸೊನೆವ್ ಅವರಿಗೆ ಎಪ್ಪತ್ತೆಂಟು. ಗೋರ್ನಾ ಲೋಕ್ವಾದ ಶಿಶುವಿಹಾರದಲ್ಲಿ ಕಾವಲುಗಾರರಾಗಿದ್ದಾರೆ. ಬೆಳಗ್ಗೆ ಏಳಕ್ಕೆ ಗೇಟು ತೆರೆಯುತ್ತಾರೆ, ಸಂಜೆ ಆರಕ್ಕೆ ಮುಚ್ಚುತ್ತಾರೆ. ಹೋದ ವರ್ಷ ಅಲ್ಲಿನ ಬೇಲಿಗೆ ಬಣ್ಣ ಬಳಿಯಬೇಕಾದಾಗ ಅವರು ಕುಂಚ ಮುಟ್ಟದೆ ಬೇರೆಯವರನ್ನು ಕರೆಸಿದರು.